ಮುಧೋಳ ನಾಯಿಗೆ ಆಪರೇಷನ್: ನರಕ್ಕೆ ಕೊಡುವ ಅರಿವಳಿಕೆಗಳಲ್ಲಿ ಯಾವುದು ವಾಸಿ?

ಕೃಷ್ಣೆ ದಂಡೆ

ನಮ್ಮ ಮನೆಯಲ್ಲಿ ಒಂದು ಮುಧೋಳ ಹೆಣ್ಣುನಾಯಿ ಇದೆ. ಹೆಸರು ಚೆನ್ನಿ, ಮೂರು ವರ್ಷ, ತೂಕ 21 ಕೆಜಿ. ಮರಿ ಇದ್ದಾಗ ಮುಧೋಳದ ಹತ್ತಿರದ ತಿಮ್ಮಾಪುರದ ಕೇಂದ್ರದಿಂದ ತಂದದ್ದು. ಎರಡು ಸಲ ಸುಳ್ಳು ಬಸಿರು ಆಯಿತು. ಮೊಲೆ ಊದಿ ಹಾಲು ಬಂತು, ನನ್ನ ಒಂದು ಚಪ್ಪಲಿಯನ್ನೇ ಮರಿ ಅಂತ ಮೂಲೆಯಲ್ಲಿ ಇಟ್ಟುಕೊಂಡು ಹತ್ತು ದಿನ ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಇನ್ನು ಸಾಕು, ಗರ್ಭಕೋಶ ತೆಗೆಸಿಬಿಡೋಣ ಅಂತ ಮನೆಯವರೆಲ್ಲ ಒಪ್ಪಿದ್ದೇವೆ.

ನನಗೆ ಆಪರೇಷನ್ ಭಯ ಇಲ್ಲ. ಭಯ ಇರುವುದು ಮತ್ತಿನ ಇಂಜೆಕ್ಷನ್‌ಗೆ. ಹದಿನೈದು ವರ್ಷದ ಹಿಂದೆ ನಮ್ಮ ಸೋದರಮಾವನ ಮುಧೋಳ ನಾಯಿಗೆ ತೊಡೆ ಸೀಳಿತ್ತು, ಮುಳ್ಳುತಂತಿ ಬೇಲಿ ಹಾರಿದ್ದು. ಹೊಲಿಗೆ ಹಾಕೋಕೆ ಅಂತ ಮುಂಗಾಲಿನ ನರಕ್ಕೆ ಹಳದಿ ಬಣ್ಣದ ಒಂದು ಮದ್ದು ಕೊಟ್ಟರು. ಹೊಲಿಗೆ ಅರ್ಧ ತಾಸಿನಲ್ಲಿ ಮುಗಿಯಿತು. ನಾಯಿ ಮಾತ್ರ ಮಾರನೇ ದಿನ ಸಂಜೆವರೆಗೂ ಏಳಲಿಲ್ಲ. ಗಡಗಡ ನಡುಗುತ್ತಿತ್ತು, ನಾವು ಕಂಬಳಿ ಹೊದೆಸಿ ಪಕ್ಕದಲ್ಲೇ ಕೂತಿದ್ದೆವು. ಬದುಕಿತು ಅನ್ನಿ. ಆದರೆ ವಾರ ಕಳೆದ ಮೇಲೆ ಸೂಜಿ ಚುಚ್ಚಿದ ಜಾಗದಲ್ಲಿ ಚರ್ಮ ಕಪ್ಪಾಗಿ ಎಂಟಾಣೆ ನಾಣ್ಯದಷ್ಟು ಅಗಲ ಕಿತ್ತು ಬಂತು. ತೊಡೆಯ ಗಾಯ ವಾಸಿಯಾದರೂ ಅದು ಎರಡು ತಿಂಗಳು ವಾಸಿಯಾಗಲಿಲ್ಲ.

ಈಗ ನನ್ನ ಮುಂದೆ ಎರಡು ದಾರಿ ಇವೆ. ನಮ್ಮ ಊರಿನ ಡಾಕ್ಟರ್ ಮೊದಲು ಮಂಪರು ಬರಿಸುವ ಜೈಲಜಿನ್ ಕೊಟ್ಟು, ಆಮೇಲೆ ಕೆಟಮಿನ್ ಮತ್ತು ಡಯಜೆಪಾಮ್ ಸೇರಿಸಿ ನರಕ್ಕೆ ಕೊಡುತ್ತೇನೆ ಅನ್ನುತ್ತಾರೆ. ಕೈ ಚೆನ್ನಾಗಿದೆ, ನೂರಾರು ನಾಯಿ ಮಾಡಿದ್ದಾರೆ. ಬೆಳಗಾವಿಯ ಒಂದು ಕ್ಲಿನಿಕ್‌ನವರು ಪ್ರೊಪೊಫಾಲ್ ಕೊಟ್ಟು ಆಮೇಲೆ ಉಸಿರಿಗೆ ಕೊಡುವ ಮತ್ತಿನ ಗ್ಯಾಸ್ ಮೇಲೆ ಇಡುತ್ತೇವೆ ಅನ್ನುತ್ತಾರೆ. ಅಲ್ಲಿ ಖರ್ಚು ಸುಮಾರು ನಾಲ್ಕು ಪಟ್ಟು, ಮೂರು ತಾಸಿನ ದಾರಿ ಬೇರೆ. ಇದರ ಮಧ್ಯೆ ಪರಿಚಯದವರೊಬ್ಬರು ‘ಥಯೊಪೆಂಟೋನ್ ಹಳೇ ಮದ್ದು, ಅದೇ ಭರವಸೆ’ ಅಂದರು. ಮಾವನ ನಾಯಿಗೆ ಕೊಟ್ಟಿದ್ದು ಅದೇನಾ?

ಗೂಗಲ್ ಮಾಡಿದರೆ ಎಲ್ಲಾ ಮದ್ದಿಗೂ ‘ಸುರಕ್ಷಿತ’ ಅಂತಲೂ ಇದೆ, ‘ಸಾವು’ ಅಂತಲೂ ಇದೆ. ಗೊತ್ತಿದ್ದವರು ಬಿಡಿಸಿ ಹೇಳಿ.

ದನದ ಡಾಕ್ಟರ್

ಹಳ್ಳಿ ಕಡೆ ಹದಿನೆಂಟು ವರ್ಷದಿಂದ ಪಶುವೈದ್ಯ. ನಾಯಿ ನನ್ನ ಮುಖ್ಯ ಕೆಲಸ ಅಲ್ಲ, ಆದರೂ ವಾರಕ್ಕೆ ನಾಲ್ಕೈದು ಬರುತ್ತವೆ.

ಮೊದಲು ಥಯೊಪೆಂಟೋನ್ ವಿಷಯ ಮುಗಿಸುತ್ತೇನೆ. ಹಳದಿ ಪುಡಿ, ನೀರು ಹಾಕಿ ಕಲಸಿದ್ದು, ಬೆಳ್ಳುಳ್ಳಿ ತರಹದ ವಾಸನೆ ಅಂದರೆ ಅದೇ. 1934ರಿಂದ ಮನುಷ್ಯರಿಗೆ ಬಳಕೆಯಲ್ಲಿರುವ ಮದ್ದು. ಕೆಟ್ಟದ್ದೇನಲ್ಲ, ಆದರೆ ನಿಮ್ಮ ಚೆನ್ನಿಗೆ ಅಲ್ಲ.

ಯಾಕೆ ಅಂದರೆ ಅದು ಮೈಯಲ್ಲಿ ಓಡಾಡುವ ರೀತಿಯೇ ಬೇರೆ. ಅರ್ಧ ನಿಮಿಷದಲ್ಲಿ ಮಿದುಳಿಗೆ ಹೋಗಿ ನಾಯಿಯನ್ನು ಕೆಡವುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ನಾಯಿ ಎದ್ದರೆ ಮದ್ದು ಕರಗಿತು ಅಂದುಕೊಳ್ಳಬೇಡಿ. ಅದು ಮಿದುಳು ಬಿಟ್ಟು ಮಾಂಸಖಂಡಕ್ಕೆ, ಅಲ್ಲಿಂದ ಕೊಬ್ಬಿಗೆ ಹೋಗಿ ಕೂತಿರುತ್ತದೆ ಅಷ್ಟೇ. ಲಿವರ್ ಅದನ್ನು ಆಮೇಲೆ ತಾಸುಗಟ್ಟಲೆ ನಿಧಾನಕ್ಕೆ ಕರಗಿಸುತ್ತದೆ. ಕೊಬ್ಬಿದ ಲ್ಯಾಬ್ರಡಾರ್ ಆದರೆ ಸರಿ, ಅದಕ್ಕೆ ಗೋದಾಮು ದೊಡ್ಡದು. ಮುಧೋಳಕ್ಕೆ ಕೊಬ್ಬು ಎಲ್ಲಿದೆ? ದೂರದಿಂದಲೇ ಪಕ್ಕೆಲುಬು ಎಣಿಸಬಹುದು. ಹೋಗೋಕೆ ಜಾಗ ಇಲ್ಲದ ಮದ್ದು ರಕ್ತದಲ್ಲೇ ತಿರುಗುತ್ತಾ ಮಿದುಳಿನ ಮೇಲೆ ಕೂತಿರುತ್ತದೆ. ಅದರ ಮೇಲೆ ಹೊಲಿಗೆ ಮುಗಿಯಲಿಲ್ಲ ಅಂತ ಎರಡನೇ ಡೋಸ್, ಮೂರನೇ ಡೋಸ್ ಹಾಕಿದರೆ ಮುಗಿಯಿತು. ನಿಮ್ಮ ಮಾವನ ನಾಯಿಗೂ ಹಾಗೇ ಹಾಕಿರಬೇಕು.

ಗ್ರೇಹೌಂಡ್ ಜಾತಿಯ ನಾಯಿಗಳಲ್ಲಿ ಕೊಬ್ಬಿನ ಜೊತೆ ಇನ್ನೊಂದು ತೊಂದರೆ ಇದೆ. ಇಂಥ ಮದ್ದು ಕರಗಿಸುವ ಲಿವರ್ ಕಿಣ್ವವೇ ಅವುಗಳಲ್ಲಿ ಮಂದ. ನಾನು ಮುಧೋಳ, ಕಾರವಾನ್, ರಾಂಪುರ ಎಲ್ಲವನ್ನೂ ಗ್ರೇಹೌಂಡ್ ಲೆಕ್ಕದಲ್ಲೇ ನೋಡುತ್ತೇನೆ. ಕಣ್ಣಿಂದ ಬೇಟೆ ಹಿಡಿಯುವ, ಎದೆ ಆಳ, ಹೊಟ್ಟೆ ಒಳಗೆ ಸೇದಿಕೊಂಡ ನಾಯಿ ಅಂದರೆ ಥಯೊಪೆಂಟೋನ್ ಬಾಟಲಿ ಹೊರಗೇ ತೆಗೆಯಲ್ಲ.

ಚರ್ಮ ಕಿತ್ತು ಬಂದದ್ದಕ್ಕೂ ಆ ಮದ್ದೇ ಕಾರಣ. ಆ ದ್ರಾವಣ ಸುಣ್ಣದ ತಿಳಿಯ ಹಾಗೆ, ತುಂಬಾ ಕ್ಷಾರ. ನರದ ಒಳಗೆ ಹೋದರೆ ರಕ್ತವೇ ಅದನ್ನು ತೆಳು ಮಾಡಿಬಿಡುತ್ತದೆ. ನಾಯಿ ಕೊಸರಿ ಸೂಜಿ ಒಂದು ಚೂರು ಆಚೆ ಜಾರಿ ಎರಡು ಎಂಎಲ್ ಚರ್ಮದ ಕೆಳಗೆ ಹೋದರೂ ಅಲ್ಲಿನ ಮಾಂಸ ಸುಟ್ಟ ಹಾಗೆ ಸಾಯುತ್ತದೆ. ಅದಕ್ಕೇ ಬರೀ ಸೂಜಿಯಲ್ಲಿ ಕೊಡಬಾರದು, ನರದೊಳಗೆ ಕೂರುವ ಸಣ್ಣ ನಳಿಗೆ, ಕ್ಯಾನುಲಾ, ಹಾಕಿ ಸಲೈನ್ ಬಿಟ್ಟು ನೋಡಿ ಆಮೇಲೆ ಕೊಡಬೇಕು.

ಇನ್ನು ಕೆಟಮಿನ್. ನಿಮ್ಮ ಊರಿನ ಡಾಕ್ಟರ್ ಹೇಳಿದ್ದು ನಾವೆಲ್ಲ ದಿನಾ ಮಾಡುವ ಪದ್ಧತಿ. ಲೆಕ್ಕ ಹೀಗೆ: ಕೆಟಮಿನ್ ಕೆಜಿಗೆ 5 ಮಿಲಿಗ್ರಾಂ, ಡಯಜೆಪಾಮ್ ಕೆಜಿಗೆ ಕಾಲು ಮಿಲಿಗ್ರಾಂ. ಚೆನ್ನಿಯ 21 ಕೆಜಿಗೆ 105 ಮಿಲಿಗ್ರಾಂ ಕೆಟಮಿನ್, ಅಂದರೆ ಎಂಎಲ್ಲಿಗೆ 50 ಮಿಲಿಗ್ರಾಂ ಇರುವ ಬಾಟಲಿಯಲ್ಲಿ ಎರಡು ಎಂಎಲ್ ಚಿಲ್ಲರೆ, ಅದಕ್ಕೆ ಡಯಜೆಪಾಮ್ ಒಂದು ಎಂಎಲ್. ಇದು ನಿಮಗೆ ವಿಷಯ ಅರ್ಥವಾಗಲಿ ಅಂತ ಬರೆದದ್ದು. ಮನೆಯಲ್ಲಿ ಯಾರೂ ಕೈ ಹಾಕುವ ಮದ್ದಲ್ಲ, ಕೆಟಮಿನ್ ಕಟ್ಟುನಿಟ್ಟಿನ ಮದ್ದುಗಳ ಪಟ್ಟಿಯಾದ ಶೆಡ್ಯೂಲ್ ಎಕ್ಸ್‌ನಲ್ಲಿದೆ, ನಾವೇ ಬೀಗ ಹಾಕಿ ರಿಜಿಸ್ಟರ್ ಬರೆದು ಇಡುತ್ತೇವೆ.

ಕೆಟಮಿನ್‌ನ ದೊಡ್ಡ ಗುಣ ಏನಂದರೆ ಉಸಿರು ಸಾಮಾನ್ಯವಾಗಿ ನಿಲ್ಲಿಸಲ್ಲ, ಹೃದಯವನ್ನು ಬೀಳಿಸಲ್ಲ, ಸ್ವಲ್ಪ ಏರಿಸುತ್ತದೆ. ನೋವನ್ನೂ ತಕ್ಕಮಟ್ಟಿಗೆ ಕೊಲ್ಲುತ್ತದೆ. ಆಕ್ಸಿಜನ್ ಸಿಲಿಂಡರ್ ಇಲ್ಲದ, ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲದ ಆಸ್ಪತ್ರೆಯಲ್ಲಿ ಅದು ಸಣ್ಣ ವಿಷಯ ಅಲ್ಲ. ದೋಷವೂ ಇದೆ. ಒಂದನ್ನೇ ಕೊಟ್ಟರೆ ಮೈ ಕಟ್ಟಿಗೆ ಆಗುತ್ತದೆ, ಜೊಲ್ಲು ಸುರಿಯುತ್ತದೆ, ಕೆಲವಕ್ಕೆ ಫಿಟ್ಸ್ ಬರುತ್ತದೆ. ಅದಕ್ಕೇ ಡಯಜೆಪಾಮ್ ಜೊತೆ. ಕಣ್ಣು ಬಿಟ್ಟೇ ಇರುತ್ತದೆ, ಮುಲಾಮು ಹಾಕದಿದ್ದರೆ ಒಣಗಿ ಹುಣ್ಣಾಗುತ್ತದೆ. ಒಂದು ಡೋಸ್ 10ರಿಂದ 20 ನಿಮಿಷ ಬರುತ್ತದೆ, ಗರ್ಭಕೋಶದ ಕೆಲಸಕ್ಕೆ ಸಾಲಲ್ಲ, ಮಧ್ಯೆ ಸ್ವಲ್ಪ ಸ್ವಲ್ಪ ಸೇರಿಸಬೇಕು.

ಜೈಲಜಿನ್ ಕೊಟ್ಟ ಐದು ನಿಮಿಷಕ್ಕೆ ನಾಯಿ ವಾಂತಿ ಮಾಡಿದರೆ ಹೆದರಬೇಡಿ, ಅದು ಆ ಮದ್ದಿನ ಸ್ವಭಾವ. ಹೃದಯ ಬಡಿತ ನೂರರಿಂದ ಐವತ್ತಕ್ಕೆ ಇಳಿಯುತ್ತದೆ, ಅದಕ್ಕೆ ಮೊದಲೇ ಬಡಿತ ಏರಿಸುವ ಅಟ್ರೊಪಿನ್ ಕೊಡುತ್ತೇವೆ.

ನಿಮ್ಮ ಡಾಕ್ಟರ್ ಕೈ ಚೆನ್ನಾಗಿದ್ದರೆ ಊರಲ್ಲೇ ಮಾಡಿಸಿ ಅಂತ ನನ್ನ ಅಭಿಪ್ರಾಯ.

ಹೆಬ್ಬಾಳದ ಹಳೇ ವಿದ್ಯಾರ್ಥಿನಿ

ಥಯೊಪೆಂಟೋನ್ ಬಗ್ಗೆ ಸರ್ ಹೇಳಿದ್ದು ನೂರಕ್ಕೆ ನೂರು ಸರಿ. ಆ ಕಿಣ್ವದ ವಿಷಯವನ್ನು ಅಮೆರಿಕದ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯವರು ಗ್ರೇಹೌಂಡ್‌ನ ಜೀನ್ ಮಟ್ಟದಲ್ಲೇ ಹಿಡಿದಿದ್ದಾರೆ. ಆದರೆ ಜೈಲಜಿನ್ ಮತ್ತು ಅಟ್ರೊಪಿನ್ ಜೊತೆಗೆ ಕೊಡುವುದನ್ನು ನಾನು ಒಪ್ಪಲ್ಲ. ಕ್ಷಮಿಸಿ ಸರ್, ಇದು ನಮ್ಮ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲೂ ಮುಗಿಯದ ಜಗಳ.

ಜೈಲಜಿನ್ ಕೊಟ್ಟಾಗ ಬಡಿತ ಯಾಕೆ ಇಳಿಯುತ್ತದೆ? ರಕ್ತನಾಳ ಬಿಗಿಯಾಗಿ ಬಿಪಿ ಏರಿರುತ್ತದೆ, ಅದಕ್ಕೆ ಹೃದಯ ತಾನೇ ನಿಧಾನ ಮಾಡಿಕೊಂಡಿರುತ್ತದೆ. ಆಗ ಅಟ್ರೊಪಿನ್ ಹಾಕಿ ಹೃದಯವನ್ನು ಓಡಿಸಿದರೆ, ಮುಚ್ಚಿದ ಗೇಟಿಗೆ ಗಾಡಿ ಗುದ್ದಿಸಿದ ಹಾಗೆ. ಬಿಪಿ ಇನ್ನೂ ಏರುತ್ತದೆ, ಬಡಿತ ತಪ್ಪುತ್ತದೆ. ಗ್ರೇಹೌಂಡ್ ಜಾತಿಗೆ ನಾನು ಜೈಲಜಿನ್ ಮುಟ್ಟುವುದೇ ಇಲ್ಲ. ಮಂಪರಿಗೆ ಬ್ಯುಟಾರ್ಫನಾಲ್ ಜೊತೆ ಮಿಡಜೋಲಾಮ್, ನಾಯಿ ತುಂಬಾ ಗಾಬರಿ ಇದ್ದರೆ ಡೆಕ್ಸ್‌ಮೆಡೆಟೊಮಿಡಿನ್ ಚಿಟಿಕೆಯಷ್ಟು. ಆಮೇಲೆ ಪ್ರೊಪೊಫಾಲ್.

ಪ್ರೊಪೊಫಾಲ್ ಬಗ್ಗೆ ಒಂದು ಖುಷಿಯ ವಿಷಯ ಹೇಳಲೇಬೇಕು. ಅದನ್ನು ಕಂಡುಹಿಡಿದ ಜಾನ್ ಗ್ಲೆನ್ ನಮ್ಮವರೇ, ಅಂದರೆ ಪಶುವೈದ್ಯ! ಗ್ಲಾಸ್ಗೋದಲ್ಲಿ ಓದಿದವರು, ಇಂಗ್ಲೆಂಡಿನ ಐಸಿಐ ಕಂಪನಿಯಲ್ಲಿ ಕೆಲಸ ಮಾಡುವಾಗ ಕಂಡುಹಿಡಿದದ್ದು, 2018ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು. ಜಗತ್ತಿನ ಎಲ್ಲ ಆಪರೇಷನ್ ಥಿಯೇಟರ್‌ನಲ್ಲೂ ಮನುಷ್ಯರಿಗೆ ಕೊಡುವ ಮದ್ದು ಒಬ್ಬ ದನ-ನಾಯಿ ಡಾಕ್ಟರ್ ಕೈಯಿಂದ ಬಂದದ್ದು. ಮದುವೆ ಮನೆಯಲ್ಲಿ ಯಾರಾದರೂ ‘ಓಹೋ, ಬರೀ ನಾಯಿ ಡಾಕ್ಟರಾ’ ಅಂದರೆ ನಾನು ಇದನ್ನೇ ಹೇಳುವುದು.

ನೋಡೋಕೆ ಹಾಲಿನ ಹಾಗೆ ಬಿಳಿ. ಸೋಯಾ ಎಣ್ಣೆ, ಮೊಟ್ಟೆಯ ಲೆಸಿಥಿನ್‌ನಲ್ಲಿ ಕಲಸಿದ್ದು. ನರದಿಂದ ಆಚೆ ಹೋದರೂ ಥಯೊಪೆಂಟೋನ್ ತರಹ ಚರ್ಮ ಸುಡಲ್ಲ. ಇದನ್ನು ಲಿವರ್ ಒಂದೇ ಕರಗಿಸುವುದಲ್ಲ, ಬೇರೆ ಅಂಗಗಳಲ್ಲೂ ಕರಗುತ್ತದೆ. ಹಾಗಾಗಿ ಗ್ರೇಹೌಂಡ್ ಏಳುವುದು ಬೀದಿ ನಾಯಿಗಿಂತ ಸ್ವಲ್ಪ ತಡ ಆದರೂ, ಮಾರನೇ ದಿನದ ಸಂಜೆವರೆಗೆ ಹೋಗಲ್ಲ. ಎದ್ದಾಗ ತಲೆ ತಿಳಿಯಾಗಿರುತ್ತದೆ, ಕೆಟಮಿನ್ ನಾಯಿಗಳ ಹಾಗೆ ಊಳಿಟ್ಟು ಗೋಡೆಗೆ ತಲೆ ಹೊಡೆದುಕೊಳ್ಳಲ್ಲ.

ಈಗ ಕೆಟ್ಟದ್ದು. ಪ್ರೊಪೊಫಾಲ್ ಉಸಿರು ನಿಲ್ಲಿಸುತ್ತದೆ. ಮೊದಲೇ ಬೇರೆ ಮದ್ದು ಕೊಟ್ಟಿದ್ದರೆ ಕೆಜಿಗೆ 2ರಿಂದ 4 ಮಿಲಿಗ್ರಾಂ ಸಾಕು. ಚೆನ್ನಿಗೆ 4ರ ಲೆಕ್ಕದಲ್ಲಿ 84 ಮಿಲಿಗ್ರಾಂ, ಅಂದರೆ 8.4 ಎಂಎಲ್ ಸಿರಿಂಜಿಗೆ ಎಳೆದುಕೊಳ್ಳುತ್ತೇನೆ. ಎಳೆದುಕೊಂಡದ್ದನ್ನೆಲ್ಲ ಕೊಡಬೇಕು ಅಂತಿಲ್ಲ. ಕಾಲು ಭಾಗ ಕೊಡಬೇಕು, ಇಪ್ಪತ್ತು ಎಣಿಸಬೇಕು, ದವಡೆ ಹಿಡಿದು ನೋಡಬೇಕು. ಇನ್ನೂ ಬಿಗಿ ಇದ್ದರೆ ಮತ್ತೆ ಕಾಲು ಭಾಗ. ಕಣ್ಣುಗುಡ್ಡೆ ಕೆಳಗೆ ಹೊರಳಿ, ದವಡೆ ಸಡಿಲಾಗಿ, ನಾಲಿಗೆ ಎಳೆದರೆ ವಾಪಸ್ ಎಳೆದುಕೊಳ್ಳದಿದ್ದರೆ ಗಂಟಲಿಗೆ ಉಸಿರಿನ ಟ್ಯೂಬ್ ಹಾಕುವ ಹೊತ್ತು. ಅವಸರ ಮಾಡಿ ಹತ್ತು ಸೆಕೆಂಡಿನಲ್ಲಿ ಪೂರ್ತಿ ಒತ್ತಿದರೆ ಉಸಿರು ನಿಂತು ನಾಲಿಗೆ ನೇರಳೆ ಹಣ್ಣು ತಿಂದವರ ಹಾಗಾಗುತ್ತದೆ. ಬಿಪಿಯೂ ಬೀಳುತ್ತದೆ.

ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತಿಲ್ಲ. ಪ್ರೊಪೊಫಾಲ್ ನೋವು ಕೊಲ್ಲಲ್ಲ. ನಿದ್ದೆ ಬರಿಸುತ್ತದೆ ಅಷ್ಟೇ. ಹೊಟ್ಟೆ ಕೊಯ್ದು ಅಂಡಾಶಯ ಎಳೆಯುವಾಗ ನೋವಿನ ಮದ್ದು ಬೇರೆಯೇ ಬೇಕು.

ಈಗ ನಿಮ್ಮ ಪ್ರಶ್ನೆಗೆ ನೇರ ಉತ್ತರ. ಟ್ಯೂಬ್, ಆಕ್ಸಿಜನ್, ಕೈಯಿಂದ ಒತ್ತುವ ಬ್ಯಾಗ್, ಇಷ್ಟು ಇರುವ ಕಡೆ ಪ್ರೊಪೊಫಾಲ್. ಇಷ್ಟು ಇಲ್ಲದ ಕಡೆ ‘ನಮಗೂ ಪ್ರೊಪೊಫಾಲ್ ಕೊಡಿ ಸಾರ್, ಒಳ್ಳೇದಂತೆ’ ಅಂತ ನೀವು ಹಟ ಹಿಡಿಯಬೇಡಿ. ಅಲ್ಲಿ ಕೆಟಮಿನ್ನೇ ವಾಸಿ. ದುಬಾರಿ ಮದ್ದು ಅಗ್ಗದ ಜಾಗದಲ್ಲಿ ಕೊಟ್ಟು ನಾಯಿ ಹೋದದ್ದನ್ನು ನಾನು ನೋಡಿದ್ದೇನೆ.

ದನದ ಡಾಕ್ಟರ್

ಮೇಡಂ, ಅಟ್ರೊಪಿನ್ ವಿಷಯದಲ್ಲಿ ಪುಸ್ತಕ ನಿಮ್ಮ ಕಡೆ ಇದೆ, ಒಪ್ಪಿದೆ. ಆದರೆ ನಲವತ್ತಕ್ಕೆ ಇಳಿದ ಬಡಿತ ಸ್ಟೆತ್‌ನಲ್ಲಿ ಕೇಳುತ್ತಾ, ಬಿಪಿ ಮೆಷಿನ್ ಇಲ್ಲದೆ ಸುಮ್ನೆ ನಿಂತುಕೊಳ್ಳೋಕೆ ಗುಂಡಿಗೆ ಬೇಕು! ಕೆಲಸ ಮುಗಿದ ಮೇಲೆ ಯೊಹಿಂಬಿನ್ ಕೊಟ್ಟು ಜೈಲಜಿನ್ ಇಳಿಸುವ ಅಭ್ಯಾಸ ಇಟ್ಟುಕೊಂಡಿದ್ದೇನೆ, ನಾಯಿ ಬೇಗ ಏಳುತ್ತದೆ.

ಜೈಲಜಿನ್ ಬಿಟ್ಟು ಏನು ಕೊಡಲಿ ಅಂದರೆ ಬ್ಯುಟಾರ್ಫನಾಲ್ ನಮ್ಮ ತಾಲ್ಲೂಕಿನಲ್ಲಿ ಬೇಕೆಂದಾಗ ಸಿಗಲ್ಲ. ಬೀದಿ ನಾಯಿ ಸಂತಾನಹರಣದ ಕ್ಯಾಂಪ್‌ಗಳಲ್ಲಿ ದಿನಕ್ಕೆ ಎಷ್ಟೋ ನಾಯಿ ಜೈಲಜಿನ್-ಕೆಟಮಿನ್ ಮೇಲೆಯೇ ಆಗುತ್ತಿವೆ, ಮೂರನೇ ದಿನ ಓಡಾಡಿಕೊಂಡಿರುತ್ತವೆ. ಅವೂ ನಾಯಿಗಳೇ ಅಲ್ವಾ.

ಆದರೆ ‘ಪ್ರೊಪೊಫಾಲ್ ಬೇಕಾದರೆ ಟ್ಯೂಬ್ ಇರಲಿ’ ಅಂದಿರಲ್ಲ, ಅದಕ್ಕೆ ಕೈ ಎತ್ತಿದೆ. ನಾನು ಪ್ರೊಪೊಫಾಲ್ ಇಟ್ಟುಕೊಳ್ಳದಿರುವುದಕ್ಕೆ ದುಡ್ಡು ಕಾರಣ ಅಲ್ಲ, ಟ್ಯೂಬ್, ಆಕ್ಸಿಜನ್ ಇಲ್ಲದ್ದೇ ಕಾರಣ.

ಒಂಟಿಕೊಪ್ಪಲ್ ನಾಯಿಯಮ್ಮ

ನಾನು ಡಾಕ್ಟರ್ ಅಲ್ಲ, ಮೂರು ನಾಯಿ ಸಾಕಿದವಳು. ಎರಡೂ ತರಹ ನೋಡಿದ್ದೇನೆ, ಮನೆಗೆ ಬಂದ ಮೇಲಿನ ಕಥೆ ಯಾರೂ ಹೇಳಲ್ಲ ಅಂತ ಬರೆಯುತ್ತಿದ್ದೇನೆ.

ಮೊದಲನೆಯವನಿಗೆ ಕೆಟಮಿನ್. ಸಂಜೆ ಆಟೋದಲ್ಲಿ ಕರೆದುಕೊಂಡು ಬಂದಾಗ ಕಣ್ಣು ಬಿಟ್ಟಿದ್ದ, ಆದರೆ ನನ್ನ ಗುರುತು ಇಲ್ಲ. ಕುಕ್ಕರ್ ಸೀಟಿ ಹೊಡೆದರೆ ಬೆಚ್ಚಿ ಕಿರುಚೋದು, ಟ್ಯೂಬ್‌ಲೈಟ್ ಹಾಕಿದರೆ ಕಿರುಚೋದು. ರಾತ್ರಿ ಹತ್ತರವರೆಗೆ ಹೀಗೇ ಆಯಿತು. ಆಮೇಲೆ ಡಾಕ್ಟರ್‌ಗೆ ಫೋನ್ ಮಾಡಿದರೆ ‘ಕತ್ತಲೆ ಕೋಣೆಯಲ್ಲಿ ಇಡಿ, ಮುಟ್ಟಬೇಡಿ, ಮಾತಾಡಿಸಬೇಡಿ’ ಅಂದರು. ಇಟ್ಟ ಮೇಲೆ ಸುಮ್ಮನಾದ. ಮೊದಲೇ ಹೇಳಿದ್ದರೆ ನಾವು ಮನೆಮಂದಿಯೆಲ್ಲ ಸುತ್ತ ಕೂತು ಮೈ ಸವರುತ್ತಾ ಅವನನ್ನು ಇನ್ನಷ್ಟು ಹೆದರಿಸುತ್ತಿರಲಿಲ್ಲ.

ಎರಡನೆಯವಳಿಗೆ ಪ್ರೊಪೊಫಾಲ್, ಬೇರೆ ಕ್ಲಿನಿಕ್. ಎದ್ದದ್ದು ಚೆನ್ನಾಗಿತ್ತು, ಬಾಲ ಅಲ್ಲಾಡಿಸಿಕೊಂಡೇ ಬಂದಳು. ಆದರೆ ಎರಡನೇ ದಿನ ಜ್ವರ, ಕಾಲು ಊತ. ಆಮೇಲೆ ಅಲ್ಲಿ ಕೆಲಸ ಮಾಡುವ ಹುಡುಗನೇ ಬಾಯಿ ಬಿಟ್ಟ, ಹಿಂದಿನ ದಿನ ಬೆಳಿಗ್ಗೆ ಒಡೆದ ಬಾಟಲಿಯಲ್ಲಿ ಉಳಿದಿದ್ದನ್ನೇ ಕೊಟ್ಟದ್ದು ಅಂತ. ಅದರಿಂದಲೇ ಆಯಿತು ಅಂತ ನಾನು ಸಾಬೀತು ಮಾಡೋಕೆ ಆಗಲ್ಲ. ಆದರೂ ಕೇಳುತ್ತೇನೆ, ಹಾಗೆ ಉಳಿಸಿ ಇಡಬಹುದಾ?

ಹೆಬ್ಬಾಳದ ಹಳೇ ವಿದ್ಯಾರ್ಥಿನಿ

ಖಂಡಿತ ಇಡಬಾರದು. ಮೊಟ್ಟೆ, ಎಣ್ಣೆ, ಗ್ಲಿಸರಿನ್ ಇರುವ ದ್ರಾವಣ ಅದು, ಒಂದು ಕ್ರಿಮಿ ಬಿದ್ದರೂ ಹಬ್ಬದೂಟ. ಒಡೆದ ಮೇಲೆ ಆರು ತಾಸಿನೊಳಗೆ ಬಳಸಬೇಕು, ಉಳಿದರೆ ಚೆಲ್ಲಬೇಕು. 20 ಎಂಎಲ್ ಬಾಟಲಿಯಲ್ಲಿ ಒಂದು ಸಣ್ಣ ನಾಯಿಗೆ ಎರಡು ಎಂಎಲ್ ಸಾಕು, ಉಳಿದದ್ದನ್ನು ಚೆಲ್ಲುವುದಕ್ಕೆ ಮನಸ್ಸು ಬರಲ್ಲ, ಹೊಟ್ಟೆ ಉರಿಯುತ್ತದೆ. ಅದಕ್ಕೇ ಈ ಕೆಲಸ ನಡೆಯುತ್ತದೆ. ನಾನು ಮಾಡುವುದು ಏನಂದರೆ, ಪ್ರೊಪೊಫಾಲ್ ಬೇಕಾದ ನಾಯಿಗಳನ್ನೆಲ್ಲ ಒಂದೇ ಬೆಳಿಗ್ಗೆಗೆ ಹಾಕಿಕೊಳ್ಳುತ್ತೇನೆ. ನಿಮ್ಮೆದುರೇ ಬಾಟಲಿ ಒಡೆಯಲಿ ಅಂತ ಕೇಳಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಮೆಲ್ಬರ್ನ್ ಕನ್ನಡತಿ

ಇಲ್ಲಿ ವೆಟ್ ನರ್ಸ್ ಆಗಿದ್ದೇನೆ. ಓಟದಿಂದ ನಿವೃತ್ತಿಯಾದ ಗ್ರೇಹೌಂಡ್‌ಗಳನ್ನು ಜನ ದತ್ತು ತೆಗೆದುಕೊಳ್ಳುತ್ತಾರೆ, ಹಾಗಾಗಿ ನಮ್ಮ ಟೇಬಲ್ ಮೇಲೆ ಅವು ದಿನಾ ಇರುತ್ತವೆ. ಮುಧೋಳದ ಫೋಟೋ ತೋರಿಸಿದರೆ ನಮ್ಮ ಡಾಕ್ಟರ್ ‘ಇದು ಗ್ರೇಹೌಂಡೇ ಅಲ್ವಾ, ಕಿವಿ ಮಾತ್ರ ಬೇರೆ’ ಅಂದರು. ನನಗೆ ಸ್ವಲ್ಪ ಸಿಟ್ಟು ಬಂತು.

ಇಲ್ಲಿ ನಾವು ಹೆಚ್ಚಾಗಿ ಕೊಡುವುದು ಅಲ್ಫಾಕ್ಸಲೋನ್. ನೀರಿನ ಹಾಗೆ ತಿಳಿ. ನರಕ್ಕೆ ಕೊಡುವಾಗ ಉರಿಯಲ್ಲ, ಆಚೆ ಹೋದರೆ ಗಾಯ ಮಾಡಲ್ಲ, ಬಿಪಿ ಬೀಳಿಸುವುದು ಕಡಿಮೆ. ಕೆಜಿಗೆ 2 ಮಿಲಿಗ್ರಾಂ ಸುತ್ತಮುತ್ತ, ಅದನ್ನೂ ನಿಧಾನಕ್ಕೆ. ಇದರ ಹಳೇ ರೂಪ ಸಫಾನ್ ಅಂತ ಇತ್ತು, ಬೆಕ್ಕಿಗೆ ನಡೆಯಿತು. ನಾಯಿಗೆ ಕೊಟ್ಟರೆ ಅದರಲ್ಲಿದ್ದ ಕ್ರೆಮೊಫೋರ್ ಎಣ್ಣೆಗೆ ಮೈಯೆಲ್ಲ ಊದಿ ಕೆಂಪಾಗುತ್ತಿತ್ತು. ಪ್ರೊಪೊಫಾಲ್‌ನ್ನೂ ಮೊದಲು ಅದೇ ಎಣ್ಣೆಯಲ್ಲಿ ಕಲಸಿ ಪೆಟ್ಟು ತಿಂದಿದ್ದರು, ಆಮೇಲೆ ಸೋಯಾಗೆ ಬಂದದ್ದು. ಅಲ್ಫಾಕ್ಸಲೋನ್ ಈಗ ಬೇರೆ ದ್ರಾವಣದಲ್ಲಿ ಬರುತ್ತದೆ, ಆ ಊತ ಇಲ್ಲ. ಉಸಿರಿನ ಅಪಾಯ ಇದ್ದೇ ಇದೆ, ಟ್ಯೂಬ್ ಬೇಕೇ ಬೇಕು. ಮೊದಲು ಸಮಾಧಾನದ ಮದ್ದು ಕೊಡದೆ ಇದೊಂದನ್ನೇ ಕೊಟ್ಟರೆ ಏಳುವಾಗ ಕೈಕಾಲು ಕುಣಿಸುತ್ತವೆ.

ಊರಲ್ಲಿ ನನ್ನ ಗೆಳತಿಯೊಬ್ಬಳು ಇದೇ ಬೇಕು ಅಂತ ಹುಡುಕಿ ಸುಸ್ತಾದಳು. ಸಿಗದ ಮದ್ದಿಗೆ ಒದ್ದಾಡಬೇಡಿ, ಪ್ರೊಪೊಫಾಲ್ ಇದಕ್ಕಿಂತ ತೀರಾ ಹಿಂದೇನಿಲ್ಲ.

ನಾನು ಹೇಳಬೇಕು ಅಂತ ಬಂದದ್ದು ಬೇರೆ ಎರಡು ವಿಷಯ. ಒಂದು, ಚಳಿ. ಇವಕ್ಕೆ ಕೊಬ್ಬಿಲ್ಲ, ಕೂದಲು ತೆಳು, ಹೊಟ್ಟೆ ಬೋಳಿಸಿ ಸ್ಪಿರಿಟ್ ಸುರಿದರೆ ಅರ್ಧ ತಾಸಿನಲ್ಲಿ ಎರಡು ಡಿಗ್ರಿ ಇಳಿಯುತ್ತದೆ. ಮೈ ತಣ್ಣಗಾದರೆ ಯಾವ ಮದ್ದಾದರೂ ನಿಧಾನವಾಗಿ ಕರಗುತ್ತದೆ, ನಾಯಿ ಏಳಲ್ಲ. ನಿಮ್ಮ ಮಾವನ ನಾಯಿ ನಡುಗಿತು ಅಂದಿರಲ್ಲ, ಅದರಲ್ಲಿ ಚಳಿಯ ಪಾಲೂ ಇತ್ತು. ಸ್ಟೀಲ್ ಟೇಬಲ್ ಮೇಲೆ ಬರೀ ಮೈ ಮಲಗಿಸಬೇಡಿ ಅನ್ನಿ, ಕಾಲಿಗೆ ಉಣ್ಣೆ ಕಾಲುಚೀಲ ಹಾಕಿ. ನಗಬೇಡಿ, ನಾವು ಹಾಕುತ್ತೇವೆ.

ಎರಡು, ರಕ್ತ ಪರೀಕ್ಷೆ. ಗ್ರೇಹೌಂಡ್‌ಗಳಲ್ಲಿ ಕೆಂಪುಕಣ ಜಾಸ್ತಿ, ಪ್ಲೇಟ್‌ಲೆಟ್ ಸ್ವಲ್ಪ ಕಡಿಮೆ, ಕಿಡ್ನಿಗೆ ನೋಡುವ ಕ್ರಿಯಾಟಿನಿನ್ ಸ್ವಲ್ಪ ಮೇಲೆ. ಅದು ಅವುಗಳ ಮಾಮೂಲಿ, ಬೇರೆ ನಾಯಿಯ ಪಟ್ಟಿಗೆ ಹೋಲಿಸಿ ಗಾಬರಿಯಾಗಬೇಡಿ.

ಕೃಷ್ಣೆ ದಂಡೆ

ಎಲ್ಲರಿಗೂ ಥ್ಯಾಂಕ್ಸ್. ಒಂದು ಸಂದೇಹ ಉಳಿದಿದೆ. ಬೆಳಗಾವಿಗೆ ಫೋನ್ ಮಾಡಿ ಕೇಳಿದೆ. ಟ್ಯೂಬ್ ಇದೆ, ಆಕ್ಸಿಜನ್ ಇದೆ, ಐಸೊಫ್ಲೂರೇನ್ ಗ್ಯಾಸ್ ಇದೆ ಅಂದರು. ‘ಆಪರೇಷನ್ ಮಾಡುವವರು ಬಿಟ್ಟು ಉಸಿರು ನೋಡಿಕೊಳ್ಳೋಕೆ ಬೇರೆಯವರು ಇರುತ್ತಾರಾ’ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ‘ಇರುತ್ತಾರೆ’ ಅಂದರು. ಆ ಮೌನ ಏನು ಅರ್ಥ?

ದನದ ಡಾಕ್ಟರ್

ಇಷ್ಟು ದಿನ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ ಅಂತ ಅರ್ಥ. ಹೋಗಿ. ನಾನು ಊರಲ್ಲೇ ಮಾಡಿಸಿ ಅಂದಿದ್ದೆ, ಸಾಧ್ಯ ಇದ್ದರೆ ಬೆಳಗಾವಿಗೇ ಹೋಗಿ ಅಂತ ಈಗ ಹೇಳುತ್ತೇನೆ. ಹಿಂದಿನ ರಾತ್ರಿ ಊಟ ಬೇಗ ಮುಗಿಸಿ, ಬೆಳಿಗ್ಗೆ ಏನೂ ತಿನ್ನಿಸಬೇಡಿ, ನೀರು ಮಾತ್ರ ಹೊರಡುವವರೆಗೆ ಕುಡಿಯಲಿ. ದಾರಿಯಲ್ಲಿ ಪಾಪ ಅಂತ ಬಿಸ್ಕತ್ ಹಾಕುವವರು ಜಾಸ್ತಿ.

ಕೃಷ್ಣೆ ದಂಡೆ

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ತಡವಾಯಿತು.

ಅಂದುಕೊಂಡ ದಿನ ಆಗಲಿಲ್ಲ. ರಕ್ತ ತೆಗೆದು ನೋಡಿದರೆ ಪ್ಲೇಟ್‌ಲೆಟ್ 62 ಸಾವಿರ. ನಾನು ಜಾಣನ ಹಾಗೆ ‘ಗ್ರೇಹೌಂಡ್ ಜಾತಿಗೆ ಕಡಿಮೆಯೇ ಇರುತ್ತಂತೆ ಡಾಕ್ಟರ್’ ಅಂದೆ. ಅವರು ನಕ್ಕು ‘ಇಷ್ಟು ಕಡಿಮೆ ಇರಲ್ಲ’ ಅಂದರು. ಉಣ್ಣೆ ಹುಳದ ಜ್ವರ, ಎರ್ಲಿಕಿಯಾ. ಮೇಲೆ ಏನೂ ಕಾಣುತ್ತಿರಲಿಲ್ಲ, ಓಡುತ್ತಿದ್ದಳು, ತಿನ್ನುತ್ತಿದ್ದಳು. ಆ ಸ್ಥಿತಿಯಲ್ಲಿ ಹೊಟ್ಟೆ ಕೊಯ್ದಿದ್ದರೆ ಯಾವ ಇಂಜೆಕ್ಷನ್ ಕೊಟ್ಟಿದ್ದರೂ ರಕ್ತ ನಿಲ್ಲುತ್ತಿರಲಿಲ್ಲ. ಡಾಕ್ಸಿಸೈಕ್ಲಿನ್ 28 ದಿನ ಕೊಟ್ಟೆವು, ಬೆಳಿಗ್ಗೆ ಒಂದು ರಾತ್ರಿ ಒಂದು, ಬೆಲ್ಲದ ಉಂಡೆಯೊಳಗೆ ಇಟ್ಟರೆ ಬೆಲ್ಲ ತಿಂದು ಮಾತ್ರೆ ಉಗಿಯುತ್ತಿದ್ದಳು. ಕೊನೆಗೆ ರೊಟ್ಟಿಗೆ ಬೆಣ್ಣೆ ಸವರಿ ಅದರೊಳಗೆ. ಆಮೇಲೆ ನೋಡಿದರೆ 1 ಲಕ್ಷ 70 ಸಾವಿರ.

ಹೋದ ಮಂಗಳವಾರ ಆಪರೇಷನ್ ಆಯಿತು. ಚೆನ್ನಿಗೆ ಮತ್ತು ಬರುವವರೆಗೆ ನನ್ನನ್ನು ಒಳಗೆ ಬಿಟ್ಟರು. ಬಾಟಲಿ ನನ್ನೆದುರೇ ಒಡೆದರು, ನಾನು ಕೇಳಲೇ ಇಲ್ಲ. 8 ಎಂಎಲ್ ಎಳೆದುಕೊಂಡಿದ್ದರು, ಹಾಲಿನ ಹಾಗೆ ಬಿಳಿ. ಒಂದು ಹುಡುಗಿ ಅವಳ ದವಡೆ ಹಿಡಿದು ಬಾಯಲ್ಲೇ ಎಣಿಸುತ್ತಿದ್ದಳು. ಐದೂವರೆ ಎಂಎಲ್ಲಿಗೇ ಚೆನ್ನಿಯ ಕುತ್ತಿಗೆ ಸಡಿಲವಾಗಿ ನನ್ನ ಕೈ ಮೇಲೆ ಬಿತ್ತು. ಉಳಿದದ್ದನ್ನು ಕೊಡಲಿಲ್ಲ. ಟ್ಯೂಬ್ ಹಾಕಿದರು, ನನ್ನನ್ನು ಹೊರಗೆ ಕಳಿಸಿದರು. ನಮ್ಮ ಮನೆಯಾಕೆ ಹೆಣೆದ ಕೂಸಿನ ಕಾಲುಚೀಲ ಕೊಟ್ಟೆ, ಆ ಹುಡುಗಿ ನಗಲಿಲ್ಲ, ನಾಲ್ಕೂ ಕಾಲಿಗೆ ಹಾಕಿದಳು. ಮುಗಿದಾಗ ಮೈ 36.9 ಡಿಗ್ರಿ ಇತ್ತಂತೆ, ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಟ್ಟರು. ಗ್ಯಾಸ್ ನಿಲ್ಲಿಸಿದ ಇಪ್ಪತ್ತೈದು ನಿಮಿಷಕ್ಕೆ ತಲೆ ಎತ್ತಿದಳು, ಒಂದು ತಾಸಿಗೆ ನಿಂತಳು. ಕೂಗಲಿಲ್ಲ. ಮಾವ ಜೊತೆಗೆ ಬಂದಿದ್ದರು, ಗಡಿಯಾರ ನೋಡುತ್ತಲೇ ಕೂತಿದ್ದವರು ‘ಇಷ್ಟೇನಾ?’ ಅಂದರು.

ಈಗ ಒಂದು ಪ್ರಶ್ನೆ. ಹೊಲಿಗೆ ಬಿಚ್ಚೋಕೆ ಹತ್ತು ದಿನ ಬಿಟ್ಟು ಬನ್ನಿ ಅಂದಿದ್ದಾರೆ. ಅದಕ್ಕೆ ಮತ್ತೆ ಬೆಳಗಾವಿವರೆಗೆ ಹೋಗಬೇಕಾ, ನಮ್ಮ ಊರಿನ ಡಾಕ್ಟರ್ ಹತ್ತಿರ ಬಿಚ್ಚಿಸಬಹುದಾ? ಅವರಿಗೆ ಬೇಜಾರಾಗಿರಬಹುದು ಅಂತ ಮುಜುಗರ.

ದನದ ಡಾಕ್ಟರ್

ಬಿಚ್ಚಿಸಬಹುದು. ಬೇಜಾರೇನೂ ಇರಲ್ಲ, ಹೊಲಿಗೆ ಹೇಗೆ ಹಾಕಿದ್ದಾರೆ ಅಂತ ನೋಡೋಕೆ ಅವರಿಗೇ ಆಸೆ ಇರುತ್ತದೆ. ಅಲ್ಲಿಯವರೆಗೆ ನೆಕ್ಕೋಕೆ ಬಿಡಬೇಡಿ, ಕುತ್ತಿಗೆಗೆ ಕಾಲರ್ ಇರಲಿ. ಮುಧೋಳದ ಕುತ್ತಿಗೆ ಉದ್ದ, ತಲೆ ಸಪೂರ, ಸಾಮಾನ್ಯ ಕಾಲರ್ ಜಾರಿ ಬರುತ್ತದೆ. ಹಳೇ ಬನಿಯನ್ ಹಾಕಿ ಬೆನ್ನ ಮೇಲೆ ಗಂಟು ಕಟ್ಟಿ.